ತವರಿಗೆ ಮರಳಿದ ಗಾನ

ಅಮೆರಿಕದ ‘ಹಾರ್ಡ್ ರಾಕ್’ ಎಂಬ ಅಬ್ಬರದ ಸಂಗೀತವು ಕೇವಲ ಆ ದೇಶದ ಸೊತ್ತೆಂದು ನಾವು ಭಾವಿಸುವುದುಂಟು. ಅದರ ತವರೇನೋ ಅಮೆರಿಕವೇ. ಅಲ್ಲಿನ ಕಪ್ಪು ಜನರ ‘ಬ್ಲೂಸ್’ ಗಾನವೇ ಅದಕ್ಕೆ ಮೂಲವು. ಆದರೆ ಆ ಗಾನವು ಇಂಗ್ಲೆಂಡಿನ ತರುಣರ ಕೈಯಲ್ಲಿ ಹೊಸ ಬಿರುಸನ್ನು ಪಡೆದು ತವರಿಗೆ ಮರಳಿತು.

ಲಂಡನ್ನಿನ ಕಿಂಕ್ಸ್ ಮೇಳವು 1964ರಲ್ಲಿ ಹೊರತಂದ ‘ಯೂ ರಿಯಲಿ ಗಾಟ್ ಮಿ’ ಎಂಬ ಹಾಡನ್ನು ಕ್ಯಾಲಿಫೋರ್ನಿಯದ ವ್ಯಾನ್ ಹೇಲನ್ ಮೇಳವು 1978ರ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ಹಾಡಿತು. ಆ ಮುದ್ರಿಕೆಯ 1 ಕೋಟಿ ಪ್ರತಿಗಳು ಅಮೆರಿಕದಲ್ಲಿಯೇ ಮಾರಾಟವಾದುವು.

ಹಣವೇನೋ ಹೊಳೆಯಾಗಿ ಹರಿಯಿತು, ಮೂಲದವರಿಗೆ ದೊರೆತುದೇನು? ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ಮೇಳದ 1969ರ ‘ಹೋಲ್ ಲಾಟಾ ಲವ್’ ಹಾಡಿನಲ್ಲಿ ತಮಗಿದ್ದ ಹಕ್ಕಿಗಾಗಿ, ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ನರು 1985ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು, 1987ರಲ್ಲಿ ರಾಜಿಯಾಯಿತು.

ಕಲೆಯಲ್ಲಿ ಸಾಲ ಪಡೆಯುವುದು ತಪ್ಪಲ್ಲ. ಪಡೆದುದನ್ನು ಒಪ್ಪದಿರುವುದೇ ತಪ್ಪೆಂದು ನಾವು ತಿಳಿಯುತ್ತೇವೆ.