ಹಾಲಿನ ಪ್ರೋತ್ಸಾಹಧನವೂ ಬಡ ಒಕ್ಕಲೂ

ಸರ್ಕಾರದ ಬೊಕ್ಕಸದಿಂದ ಹೊರಟ ಹಣವು ಯಾರ ಹೆಸರಿನಲ್ಲಿ ಹೊರಟಿತೋ ಅವರ ಕೈಯನ್ನೇ ಸೇರುವುದೆಂದು ನಂಬುವುದು ಸುಲಭ. ಸೇರಿತೇ ಎಂದು ವಿಚಾರಿಸುವುದು ಕಷ್ಟ. ದನ ಸಾಕಿ ಬಾಳುವ ಸಣ್ಣ ರೈತನ ವಿಷಯದಲ್ಲಿ ಈ ವಿಚಾರಣೆಯು ಅವಶ್ಯವೆಂದು ನಾವು ಭಾವಿಸುತ್ತೇವೆ.

ಯುರೋಪಿನ ರಾಷ್ಟ್ರಗಳು ಗೋಮಾಂಸದ ಬೆಲೆ ಕುಸಿಯದಿರಲೆಂದು ತಾವೇ ಅದನ್ನು ಕೊಂಡು ಶೀತಗೃಹಗಳಲ್ಲಿ ಕೂಡಿಡುತ್ತ ಬಹುಕಾಲ ಅಪಾರ ಹಣವನ್ನು ವೆಚ್ಚಮಾಡಿದವು. ಕೃಷಿಗೆಂದು ಕೊಟ್ಟ ನೆರವಿನಲ್ಲಿ ನೂರಕ್ಕೆ 80 ಪಾಲು ನೂರಕ್ಕೆ 20ರಷ್ಟು ಹಿಡುವಳಿದಾರರಿಗೇ ಸಲ್ಲುತ್ತಿದ್ದಿತೆಂದು 1991ರಲ್ಲಿ ಅಲ್ಲಿನ ಕಮಿಷನ್ನೇ ಒಪ್ಪಿಕೊಂಡಿತು. 1992ರ ಸುಧಾರಣೆಯಲ್ಲಿ ಹೋರಿಗಳ ಸಹಾಯಧನಕ್ಕೆ ಒಂದೊಂದು ವಯೋವರ್ಗದಲ್ಲಿ ಒಬ್ಬನಿಗೆ 90 ರಾಸುಗಳೆಂಬ ಮಿತಿಯನ್ನು ಗೊತ್ತುಪಡಿಸಬೇಕಾಯಿತು.

ನಮ್ಮ ನಾಡಿನಲ್ಲಿ ಮಾಂಸದ ಬೆಲೆಗೆ ಅಂತಹ ಆಧಾರವಿಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯಾ ನಿಷೇಧ ಕಾಯಿದೆಯು 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಬೇರೆ ಜಾನುವಾರುಗಳ ವಧೆಯನ್ನು ನಿಷೇಧಿಸಿದುದರಿಂದ, ಮುದಿಹಸುವಿಗಾಗಲಿ ಗಂಡುಕರುವಿಗಾಗಲಿ ಆ ಮಾರ್ಗದಲ್ಲಿ ಬೆಲೆಯೂ ಇಲ್ಲ. ಹೀಗಾಗಿ ಹಸುವಿನ ಬೆಲೆಯೆಂದರೆ ಬಹುಮಟ್ಟಿಗೆ ಹಾಲಿನ ಬೆಲೆಯೇ. ಆ ಬೆಲೆಗೆ ಊರೆಗೋಲಾಗಲೆಂದು ಸರ್ಕಾರದವರು 2008ರಲ್ಲಿ ಲೀಟರಿಗೆ 2 ರೂಪಾಯಿಯ ಪ್ರೋತ್ಸಾಹಧನವನ್ನು ಆರಂಭಿಸಿದರು. ಅದು 2013ರಲ್ಲಿ 4 ರೂಪಾಯಿಗೂ 2016ರಲ್ಲಿ 5 ರೂಪಾಯಿಗೂ ಏರಿತು. ಹಣವನ್ನು ನೇರವಾಗಿ ಬ್ಯಾಂಕಿನ ಖಾತೆಗೆ ಜಮಾ ಮಾಡುವ ಏರ್ಪಾಡಿನಿಂದ ನಡುವಣ ಕೈಗಳ ಕಾಟ ತಗ್ಗಿದುದೂ ನಿಜ. ಇದಿಷ್ಟಕ್ಕೆ ಸರ್ಕಾರವು ಪ್ರಶಂಸಾರ್ಹವೇ.

ಆದರೆ ಹಳ್ಳಿಯಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಬೇಲೂರು ಹಳೇಬೀಡುಗಳಿಗೆ ಹೋಗುವ ಯಾತ್ರಿಕರಲ್ಲಿ ಕೆಲವರಾದರೂ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ ಇಳಿದು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡುವರು. ಅದರ ಸುತ್ತಲಿನ ಒಕ್ಕಲಿನ ಬಾಳನ್ನು ನೋಡುವವರು ವಿರಳ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ರಾಗಿ ಕೈಕೊಟ್ಟರೆ, ತೆಂಗಿನ ಕಾಯಿ ಇಳಿದರೆ, ಸಂತೆಯ ಖರ್ಚಿಗೆ ಒದಗುವುದು ಡೈರಿಯ ಬಟವಾಡೆಯೊಂದೇ. ಒಂದೇ ಸೀಮೆಹಸು ಕಟ್ಟಿದ ಮನೆಯವರು ದಿನಕ್ಕೆ 5 ಲೀಟರು ಹಾಲು ಹಾಕಿದರೆ ಪ್ರೋತ್ಸಾಹಧನವು ದಿನಕ್ಕೆ 25 ರೂಪಾಯಿ, ತಿಂಗಳಿಗೆ 750 ರೂಪಾಯಿ. 50 ಲೀಟರು ಹಾಕುವ ದೊಡ್ಡ ಕೊಟ್ಟಿಗೆಗೆ 7,500 ರೂಪಾಯಿ. ಹಸು ಹಾಲು ಬತ್ತಿ ಗಬ್ಬದಲ್ಲಿರುವ ತಿಂಗಳುಗಳಲ್ಲಿ ಮೊದಲನೆಯವರಿಗೆ ಸೊನ್ನೆ. ಹಿಂಡಿ ಬೂಸಾಗಳ ಖರ್ಚಾದರೋ ಆಗಲೂ ನಿಲ್ಲದು. ಡೈರಿಗೆ ಹಾಕದೆ ಹೋಟಲಿಗೋ ನೆರೆಮನೆಗೋ ಹಾಲು ಮಾರಿ ಜೀವಿಸುವವರು ಮತ್ತು ನಾಟಿಹಸುವಿನ ಒಂದೆರಡು ಲೀಟರನ್ನು ಮನೆಮಕ್ಕಳಿಗೇ ಬಳಸುವವರು ಈ ಲೆಕ್ಕದಲ್ಲಿಯೇ ಇಲ್ಲ. ಲೀಟರನ್ನು ಅಳೆಯುವ ಸಹಾಯವು ಬಡತನವನ್ನು ಅಳೆಯಲಾರದು.

ಅದಕ್ಕಿಂತಲೂ ಹೆಚ್ಚು ಬಾಧಿಸುವುದು ವಿಳಂಬ. ಹಾಲಿನ ಬೆಲೆ ಬಟವಾಡೆಯ ದಿನ ಬರುತ್ತದೆ. ಬೊಕ್ಕಸದ ಪ್ರೋತ್ಸಾಹಧನವು ಹಿಂದೆ ಉಳಿಯುತ್ತದೆ. 2024 ಮತ್ತು 2025ರಲ್ಲಿ ಅದು ತಿಂಗಳುಗಟ್ಟಲೆ ಬಾಕಿ ಬಿದ್ದುದು ವಿಧಾನಮಂಡಲದವರೆಗೂ ಹೋದ ಸಂಗತಿ. ನಾಲ್ಕು ತಿಂಗಳು ತಡವಾದರೆ 5 ಲೀಟರಿನ ಮನೆಗೆ 3,000 ರೂಪಾಯಿ ನಿಂತಂತಾಯಿತು. ದೊಡ್ಡ ಕೊಟ್ಟಿಗೆಯವನು ಅದನ್ನು ತಾಳಿಕೊಳ್ಳುವನು. ಸಣ್ಣವನು ಹಿಂಡಿಯಂಗಡಿಯಲ್ಲಿ ಸಾಲ ಬರೆಸುವನು. ಸಕಾಲಕ್ಕೆ ಬರದ ಬೆಂಬಲವು ಬೆಲೆಯಲ್ಲ, ಬರೀ ಬಾಕಿ.

ಪರಿಹಾರವು ದುಸ್ಸಾಧ್ಯವೇನಲ್ಲ. ಪ್ರೋತ್ಸಾಹಧನದ ಮೊಬಲಗನ್ನು ಹಾಲು ಒಕ್ಕೂಟಗಳಿಗೆ ಮುಂಗಡವಾಗಿ ಒದಗಿಸಿ ಬಟವಾಡೆಯ ಜೊತೆಯಲ್ಲಿಯೇ ಸಂದಾಯವಾಗುವಂತೆ ಮಾಡಬೇಕು. ಪ್ರತಿ ಮನೆಯ ಮೊದಲ 10 ಲೀಟರಿಗೆ ಹೆಚ್ಚಿನ ದರವನ್ನೂ ಅದರಾಚೆಗೆ ಕಡಿಮೆ ದರವನ್ನೂ ಗೊತ್ತುಮಾಡಿದರೆ ಬೊಕ್ಕಸಕ್ಕೆ ಹೊರೆಯಾಗದೆಯೇ ಬಡವನ ಪಾಲು ಬೆಳೆದೀತು. ಯಾರಿಗೆಷ್ಟು ಸಂದಿತು, ಎಷ್ಟು ಬಾಕಿ ಎಂಬ ಪಟ್ಟಿಯು ಪ್ರತಿ ತಿಂಗಳೂ ಸಂಘದ ಹಲಗೆಯ ಮೇಲೆ ಕಾಣಬೇಕು.

ಇಲಾಖೆಯವರಿಗೆ ಅನುದಾನದ ತೊಡಕುಗಳಿರುವುದನ್ನು ನಾವು ಬಲ್ಲೆವು. ಆದರೆ ಹಸುವು ಅನುದಾನದ ಆದೇಶಕ್ಕಾಗಿ ಕಾದು ಮೇವು ತಿನ್ನುವುದಿಲ್ಲ. ಕೊಡುವೆವೆಂದು ಮಾತುಕೊಟ್ಟ 5 ರೂಪಾಯಿಯನ್ನು ಕೊಡಬೇಕಾದ ದಿನದಲ್ಲಿ ಕೊಡುವುದು ಉದಾರತೆಯಲ್ಲ, ಕರ್ತವ್ಯ.