ಆಟದ ರಾಜ್ಯಕ್ಕೊಂದು ರಾಜ್ಯಾಂಗ

ಚದುರಂಗವನ್ನಾಡುವವರು ಕುದುರೆಯ ನಡೆಯನ್ನು ತಾವೇ ಗೊತ್ತುಮಾಡುವುದಿಲ್ಲ. ಅದು ಅವರಿಗಿಂತ ಮುಂಚೆಯೇ ಗೊತ್ತಾಗಿರುತ್ತದೆ. ಚೌಕಾಬಾರದಲ್ಲಿಯೂ ಹಾಗೆಯೇ. ಆದರೆ ಈಚೆಗೆ ನಮ್ಮ ತರುಣರು ಆಡತೊಡಗಿರುವ ಒಂದು ಬಗೆಯ ಆಟದಲ್ಲಿ ನಿಯಮಗಳನ್ನು ರಚಿಸುವುದೇ ಮುಖ್ಯ ಭಾಗವಾಗಿದೆ. ಒಬ್ಬರ ಮುಖವನ್ನೊಬ್ಬರು ಕಂಡರಿಯದ ನಾನಾ ಊರುಗಳ ಹುಡುಗರು ಅಂತರ್ಜಾಲದಲ್ಲಿ ಕಲೆತು, ಕಲ್ಪಿತವಾದ ಒಂದು ರಾಜ್ಯವನ್ನು ಸ್ಥಾಪಿಸುತ್ತಾರೆ, ಪಕ್ಷಗಳನ್ನು ಕಟ್ಟುತ್ತಾರೆ, ಚುನಾವಣೆ ನಡೆಸಿ ಮಂತ್ರಿಮಂಡಲವನ್ನು ಏರಿಸುತ್ತಾರೆ, ಇಳಿಸುತ್ತಾರೆ. ಮಾಗಡಿ ರಸ್ತೆಯ ನಮ್ಮ ಬ್ಯಾಡರಹಳ್ಳಿಯಂತಹ ಸ್ಥಳದಲ್ಲಿಯೂ ಊಟಕ್ಕೆ ಕರೆದ ಹಿರಿಯರಿಗೆ "ತಾಳಿ ತಾತ, ಮಸೂದೆ ಮತಕ್ಕೆ ಬಂದಿದೆ" ಎಂಬ ಉತ್ತರ ದೊರೆತರೆ ಆಶ್ಚರ್ಯವಿಲ್ಲ. ಇದೆಲ್ಲ ಬರಿಯ ಕಾಲಹರಣವೆಂದು ಹಿರಿಯರಿಗೆ ತೋರುವುದು ಸಹಜ. ಆದರೂ ವಾಚಕರು ಸ್ವಲ್ಪ ವಿಚಾರಿಸಿ ನೋಡಬೇಕು. ರಾಜ್ಯವು ಕಲ್ಪಿತವಾದರೂ ಅದರೊಳಗೆ ಏಳುವ ವ್ಯಾಜ್ಯಗಳು ಕಲ್ಪಿತವಲ್ಲ.

ಈ ಬಗೆಯ ಆಟಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವರಲ್ಲಿ ಅಮೆರಿಕದ ತತ್ತ್ವಶಾಸ್ತ್ರದ ಅಧ್ಯಾಪಕ ಪೀಟರ್ ಸೂಬರ್ ಪ್ರಮುಖರು. ಇವರ 'ನೋಮಿಕ್' ಎಂಬ ಆಟವು 1982ರಲ್ಲಿ ಒಂದು ವಿಜ್ಞಾನ ಮಾಸಪತ್ರಿಕೆಯ ಮೂಲಕ ಲೋಕಕ್ಕೆ ತಿಳಿದುಬಂತು. ಅದರ ಆರಂಭದ ನಿಯಮಗಳು 29. ಅವುಗಳಲ್ಲಿ 16 ಸ್ಥಿರವಾದವು, 13 ಚರವಾದವು. ಆಟಗಾರನ ಸರದಿ ಬಂದಾಗ ಅವನು ನಿಯಮದ ಒಂದು ಬದಲಾವಣೆಯನ್ನು ಸೂಚಿಸಬೇಕು. ಎಲ್ಲರೂ ಮತ ಕೊಡಬೇಕು. ಚರನಿಯಮವನ್ನು ಮೊದಲ ಎರಡು ಸುತ್ತುಗಳಲ್ಲಿ ಸರ್ವಾನುಮತದಿಂದಲೂ ಆಮೇಲೆ ಬಹುಮತದಿಂದಲೂ ಬದಲಾಯಿಸಬಹುದು. ಸ್ಥಿರನಿಯಮವನ್ನು ಮುಟ್ಟಬೇಕಾದರೆ ಮೊದಲು ಸರ್ವಾನುಮತದಿಂದ ಅದನ್ನು ಚರವರ್ಗಕ್ಕೆ ಇಳಿಸಬೇಕು.

ಎರಡು ನಿಯಮಗಳು ಒಂದಕ್ಕೊಂದು ವಿರುದ್ಧವಾದರೆ ಗತಿಯೇನು? ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಪಾಣಿನಿಯು ತನ್ನ ಅಷ್ಟಾಧ್ಯಾಯಿಯಲ್ಲಿ ಶಬ್ದಗಳಿಗೆ ಸೂತ್ರಗಳನ್ನು ರಚಿಸಿದ್ದಲ್ಲದೆ, ಸೂತ್ರಗಳನ್ನು ಅನ್ವಯಿಸುವ ಬಗೆಗೂ ಸೂತ್ರಗಳನ್ನು ರಚಿಸಿದನು. ಸಮಬಲವುಳ್ಳ ಎರಡು ಸೂತ್ರಗಳು ಘರ್ಷಿಸಿದಾಗ ಮುಂದೆ ಬರುವ ಸೂತ್ರವೇ ಬಲವತ್ತರವೆಂಬುದು ಅವನ ನಿರ್ಣಯ. ನೋಮಿಕ್ ಆಟದಲ್ಲಿ ಇದು ವಿಪರ್ಯಯವಾಗಿದೆ: ಎರಡು ಚರನಿಯಮಗಳು ಘರ್ಷಿಸಿದರೆ ಚಿಕ್ಕ ಅಂಕಿಯುಳ್ಳದ್ದೇ ಗೆಲ್ಲುತ್ತದೆ. ಎರಡರಲ್ಲಿ ಯಾವುದಾದರೂ ಸರಿಯೇ. ಜಗಳ ಹುಟ್ಟುವ ಮೊದಲೇ ಅದು ಬರೆದಿರಬೇಕು. ಜಗಳ ಹುಟ್ಟಿದ ಮೇಲೆ ಬರೆಯಹೊರಟರೆ ಪ್ರತಿಯೊಬ್ಬನೂ ತನ್ನ ಗೆಲುವಿಗೆ ತಕ್ಕ ನಿಯಮವನ್ನೇ ಬರೆಯುತ್ತಾನೆ.

ಇನ್ನು, ಬಹುಮತವುಳ್ಳವರು ಎಲ್ಲವನ್ನೂ ಬದಲಾಯಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಭಾರತದಲ್ಲಿ ದೊರೆತ ಉತ್ತರವು ಒಬ್ಬ ಕನ್ನಡ ಯತಿಗಳ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಭೂಮಿಯ ವಿಷಯವಾಗಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಹದಿಮೂರು ಮಂದಿ ನ್ಯಾಯಮೂರ್ತಿಗಳು 68 ದಿನ ವಾದವನ್ನು ಕೇಳಿ, 1973ನೆಯ ಏಪ್ರಿಲ್ 24ರಂದು ಏಳು-ಆರು ಮತಗಳಿಂದ ತೀರ್ಪಿತ್ತರು. ಸಂವಿಧಾನದ ಯಾವ ಭಾಗವನ್ನಾದರೂ ಪಾರ್ಲಿಮೆಂಟು ತಿದ್ದಬಹುದು. ಆದರೆ ಅದರ ಮೂಲಸ್ವರೂಪವನ್ನು ಕೆಡಿಸಕೂಡದು ಎಂಬುದೇ ಅದರ ಸಾರ. ಮನೆಯ ಗೋಡೆಗೆ ಹೊಸ ಕಿಟಕಿಯನ್ನಿಡುವುದು ಬೇರೆ, ಅಡಿಪಾಯವನ್ನು ಅಗೆಯುವುದು ಬೇರೆ.

ಇಷ್ಟೆಲ್ಲ ಸರಿಯಾಗಿ ಬರೆದಿಟ್ಟರೂ ಆಟದ ರಾಜ್ಯಕ್ಕೆ ಒಂದು ವಿಶೇಷವಾದ ಅಪಾಯವುಂಟು. ಆ ರಾಜ್ಯವು ಯಾರೋ ಒಬ್ಬನ ಸರ್ವರಿನಲ್ಲಿ ನೆಲೆಸಿರುತ್ತದೆ. ಅದರ ಬೀಗದಕೈ ಅಡ್ಮಿನ್ ಎನಿಸಿದವನ ಕೈಯಲ್ಲಿರುತ್ತದೆ. ಚುನಾವಣೆಯಲ್ಲಿ ಸೋತ ಅಡ್ಮಿನ್ ಒಂದು ಗುಂಡಿಯನ್ನೊತ್ತಿ ಗೆದ್ದವರನ್ನು ಹೊರದೂಡಿದರೆ ರಾಜ್ಯಾಂಗದ ಯಾವ ವಿಧಿ ತಡೆದೀತು?

ಇದು ಕೇವಲ ಊಹೆಯಲ್ಲ. ಪಾವೆಲ್ ಕರ್ಟಿಸ್ ಎಂಬವರು 1990ರಲ್ಲಿ ಅಮೆರಿಕದಲ್ಲಿ ಆರಂಭಿಸಿದ 'ಲ್ಯಾಂಬ್ಡಾಮೂ' ಎಂಬ ಕಲ್ಪಿತ ಲೋಕವಿತ್ತು. ಚಿತ್ರವಿಲ್ಲ, ಬರಿಯ ಅಕ್ಷರಗಳಿಂದಲೇ ಕಟ್ಟಿದ ಲೋಕ. ಅದರ ಕಾರ್ಯಕರ್ತರನ್ನು ಮಾಂತ್ರಿಕರೆಂದು ಕರೆಯುತ್ತಿದ್ದರು. ಯಂತ್ರದ ಕೆಲಸವನ್ನಷ್ಟೇ ತಾವಿಟ್ಟುಕೊಂಡು, ನಿವಾಸಿಗಳೊಳಗಿನ ವ್ಯಾಜ್ಯಗಳನ್ನು ನಿವಾಸಿಗಳಿಗೇ ಬಿಡುವುದಾಗಿ 1992ರ ಕೊನೆಗೆ ಮಾಂತ್ರಿಕರು ಸಾರಿದರು. ಮರುವರ್ಷವೇ ಒಬ್ಬನು ಅಲ್ಲಿ ಇತರರನ್ನು ಅಸಹ್ಯವಾಗಿ ಅವಮಾನಿಸಿದಾಗ, ಅವನನ್ನು ದಂಡಿಸುವ ಕ್ರಮವೇ ಗೊತ್ತಿರಲಿಲ್ಲ. ದೀರ್ಘ ಚರ್ಚೆಯಾಗಿಯೂ ತೀರ್ಮಾನವಾಗದಿರಲು, ಒಬ್ಬ ಮಾಂತ್ರಿಕನು ತಾನೇ ಅವನನ್ನು ತೆಗೆದುಹಾಕಿದನು. ಅನಂತರ ಅರ್ಜಿ, ಸಹಿ, ಮತದಾನಗಳ ವ್ಯವಸ್ಥೆಯಾಯಿತು. ಆದರೆ 1996ರಲ್ಲಿ ಮಾಂತ್ರಿಕರು ಅಧಿಕಾರವನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. ಕೊಟ್ಟವರು ಹಿಂದಕ್ಕೆ ಪಡೆದುದನ್ನು ತಡೆಯುವ ಶಕ್ತಿ ಪಡೆದವರಿಗಿರಲಿಲ್ಲ.

ನಮ್ಮ ಮೈಸೂರಿನವರಿಗೆ ಈ ಕಥೆಯ ಹೋಲಿಕೆ ತಾನಾಗಿ ನೆನಪಾಗಬೇಕು. ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ 1881ನೆಯ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯು ಮೊದಲು ನೆರೆಯಿತು; ಬಂದವರು 144 ಮಂದಿ. ಸರ್ಕಾರದ ಆಡಳಿತದ ವರದಿಯನ್ನು ಕೇಳುವುದು, ಪ್ರಜೆಗಳ ಕಷ್ಟಗಳನ್ನು ಅರಿಕೆ ಮಾಡುವುದು ಇವೇ ಅವರ ಕೆಲಸ. 1891ರಲ್ಲಿ ಚುನಾವಣೆಯ ಪದ್ಧತಿ ಬಂತು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. ಪ್ರಜೆಗಳಿಗೆ ಹೊಣೆಯಾದ ಮಂತ್ರಿಮಂಡಲವು ಬಂದುದಾದರೋ ಚಳವಳಿಯ ಅನಂತರ, 1947ರಲ್ಲಿ, ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ. ಮಾತನಾಡುವ ಹಕ್ಕಿಗೂ ಅಧಿಕಾರಿಯನ್ನು ಇಳಿಸುವ ಹಕ್ಕಿಗೂ ನಡುವೆ 66 ವರ್ಷಗಳ ಅಂತರವಿತ್ತು. ಮೊದಲನೆಯದು ಅಲ್ಪವೆಂದು ನಾನು ಹೇಳುವುದಿಲ್ಲ. ಅದರಿಂದಲೇ ಒಂದು ದೇಶದ ಜನಕ್ಕೆ ಸಭೆಯ ಅಭ್ಯಾಸವಾಯಿತು. ಆದರೆ ಅನುಗ್ರಹವಾಗಿ ಬಂದುದನ್ನು ಹಕ್ಕೆಂದು ಭ್ರಮಿಸಬಾರದು.

ಆದಕಾರಣ ಮನೆಯ ಹುಡುಗನೋ ಹುಡುಗಿಯೋ ಇಂತಹ ಆಟದಲ್ಲಿ ತೊಡಗಿರುವುದು ಕಂಡುಬಂದರೆ, ಗದರಿಸುವ ಮೊದಲು ಹಿರಿಯರು ಕೆಲವು ಪ್ರಶ್ನೆಗಳನ್ನು ಕೇಳಿ ನೋಡಲಿ. ನಿಮ್ಮ ರಾಜ್ಯದಲ್ಲಿ ಒಬ್ಬನೇ ಹತ್ತು ಹೆಸರುಗಳಿಂದ ಮತ ಹಾಕದಂತೆ ತಡೆಯೇನು? ಸಭೆ ಸೇರುವ ವಿಷಯವು ಎಲ್ಲರಿಗೂ ಮುಂಚೆ ತಿಳಿಯುವುದೇ? ರಾತ್ರಿ ಹನ್ನೆರಡು ಗಂಟೆಗೆ ಎಚ್ಚರವಿದ್ದ ಐದು ಮಂದಿ ಐವತ್ತು ಮಂದಿಯ ಪರವಾಗಿ ಶಾಸನ ಮಾಡಬಹುದೇ? ಒಬ್ಬನನ್ನು ಹೊರಹಾಕುವ ಮೊದಲು ಅವನ ಮಾತನ್ನು ಕೇಳುವಿರಾ? ಬೀಗದಕೈ ಒಬ್ಬನಲ್ಲಿದೆಯೋ, ಭಿನ್ನಪಕ್ಷಗಳ ಇಬ್ಬರು ಮೂವರಲ್ಲಿದೆಯೋ? ಅವರು ಮಾಡಿದ ಕೆಲಸದ ದಾಖಲೆಯನ್ನು ಎಲ್ಲರೂ ನೋಡಬಹುದೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ತರುಣನು ಪಠ್ಯಪುಸ್ತಕದ ಪೌರನೀತಿಯಲ್ಲಿ ದೊರೆಯದ ಪಾಠವನ್ನು ಕಲಿಯುತ್ತಾನೆ. ಅಡ್ಮಿನ್ ಹೇಳಿದ್ದೇ ಶಾಸನವೆಂದು ನಾಲ್ಕು ವರ್ಷ ಒಪ್ಪಿಕೊಂಡು ಆಡಿದವನು ಕಲಿಯುವ ಪಾಠವೂ ಒಂದುಂಟು. ಅದು ಅವನಿಗೂ ದೇಶಕ್ಕೂ ಹಿತವಲ್ಲ. ಇನ್ನೊಂದು ಮಾತು. ಹಿರಿಯರು ಸದಸ್ಯರಾಗಿರುವ ಬಡಾವಣೆಯ ನಿವಾಸಿಗಳ ಸಂಘಕ್ಕೂ ನಿಬಂಧನೆಗಳಿರುತ್ತವೆ. ಅವನ್ನು ಕೊನೆಯ ಸಲ ಓದಿದ್ದು ಯಾವಾಗ, ಸಂಘದ ಲೆಕ್ಕದ ಪುಸ್ತಕ ಯಾರ ಬಳಿ ಇದೆ ಎಂದು ಹುಡುಗರೇ ತಿರುಗಿ ಕೇಳಿದರೆ, ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುವುದು ಒಳ್ಳೆಯದು.