ಜೀವಕೋಶಗಳ ಅಡ್ವೈಸ್ ಚೀಟಿ

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಗೆ ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ನಡೆದಿತ್ತು. ಮೂರನೆಯ ಕೀಮೋ ಆದ ಮೇಲೆ ಬಿಳಿ ರಕ್ತಕಣಗಳು ತೀರಾ ಇಳಿದವು. ಡಾಕ್ಟರು ಬರೆದುಕೊಟ್ಟ ಐದು ಇಂಜೆಕ್ಷನ್‌ಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ರೈಲಿನಲ್ಲಿ ಹಿಂದೂಪುರಕ್ಕೆ ಬಂದು, ಕಲ್ಯಾಣದುರ್ಗದ ಕಡೆಗೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನನ್ನ ಕೈ ಡಬ್ಬಿಯ ಮೇಲೆಯೇ. ಆ ಮದ್ದಿನ ಹೆಸರು ಫಿಲ್‌ಗ್ರಾಸ್ಟಿಮ್; ಸೈಟೊಕೈನ್ ಎಂಬ ಪ್ರೋಟೀನುಗಳ ಜಾತಿಗೆ ಸೇರಿದ್ದು.

ಸೈಟೊಕೈನ್ ಎಂದರೆ ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಸುದ್ದಿ. ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು, ನನ್ನ ಭಾಷೆಯಲ್ಲೇ ಹೇಳುತ್ತೇನೆ. ಹಿಂದೆ ಒಂದು ಶಾಖೆಯಿಂದ ಇನ್ನೊಂದಕ್ಕೆ ಹಣದ ಗಂಟು ಹೋಗುತ್ತಿರಲಿಲ್ಲ, ಅಡ್ವೈಸ್ ಚೀಟಿ ಹೋಗುತ್ತಿತ್ತು. ಅಲ್ಲಿಯವರು ಸಹಿ ತಾಳೆ ನೋಡಿ ಹಣ ಎಣಿಸುತ್ತಿದ್ದರು. ಹಾಗೆಯೇ ಜಿ-ಸಿಎಸ್‌ಎಫ್ ಎಂಬ ಸೈಟೊಕೈನು ಮೂಳೆಯೊಳಗಿನ ಮಜ್ಜೆಗೆ ಹೋಗುತ್ತದೆ. ಅದರ ಸಹಿಯನ್ನು ಗುರುತಿಸುವ ಕೋಶಗಳು ಮಾತ್ರ ಬಿಳಿಕಣ ತಯಾರಿಗೆ ನಿಲ್ಲುತ್ತವೆ.

ಇದು ಮೈಯಲ್ಲಿರುವುದು ಅತ್ಯಲ್ಪ. ರಕ್ತದಿಂದ ಸೋಸಿ ಮದ್ದು ಮಾಡಲಾಗದು. ಆದ್ದರಿಂದ ಮನುಷ್ಯನ ಆ ಜೀನನ್ನು ಇ. ಕೋಲೈ ಎಂಬ ಬ್ಯಾಕ್ಟೀರಿಯಕ್ಕೆ ಸೇರಿಸಿ, ತೊಟ್ಟಿಗಳಲ್ಲಿ ಬೆಳೆಸಿ, ಕೋಶ ಒಡೆದು ಪ್ರೋಟೀನನ್ನು ಶುದ್ಧಮಾಡುತ್ತಾರೆ. ಕನ್ನಡ ಬಲ್ಲ ನಾವು ತೆಲುಗು ಬಸ್ಸಿನ ಬೋರ್ಡು ಓದುವುದಿಲ್ಲವೇ? ಮನುಷ್ಯನ ಜೀನಿನ ಲಿಪಿಯನ್ನು ಬ್ಯಾಕ್ಟೀರಿಯವೂ ಓದಬಲ್ಲದು. ಉಚ್ಚಾರಣೆ ಮಾತ್ರ ಕೊಂಚ ಬೇರೆ: ನಮ್ಮ ಕೋಶಗಳು ಪ್ರೋಟೀನಿಗೆ ಅಂಟಿಸುವ ಸಕ್ಕರೆಯ ಕಣವನ್ನು ಅದು ಅಂಟಿಸದು. ಆದರೂ ಕೆಲಸ ನಡೆಯುತ್ತದೆ. ಅಮೆರಿಕದಲ್ಲಿ 1991ರಲ್ಲಿ ಈ ಮದ್ದಿಗೆ ಒಪ್ಪಿಗೆ ಸಿಕ್ಕಿತು. 2001ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಗ್ರಾಫೀಲ್ ಎಂಬ ಹೆಸರಿನಲ್ಲಿ ಹೊರತಂದಿತು.

ಪ್ರಯೋಗಾಲಯಗಳಿಗೂ ಇದೇ ಪ್ರೋಟೀನನ್ನು ಒಣಪುಡಿಯಾಗಿ ಮಾರುತ್ತಾರೆ. ಗಾಜಿನ ತಟ್ಟೆಯಲ್ಲಿ ಮಜ್ಜೆಯ ಕೋಶಗಳನ್ನು ಬೆಳೆಸಿ ಪರೀಕ್ಷಿಸಲು ಅದು ಬೇಕು. “ಅದೂ ಇದೇ ಅಂತೆ, ಮದ್ದು ಸಿಗದಿದ್ದರೆ ಅದನ್ನೇ ತರಿಸೋಣವೇ?” ಎಂದು ನಮ್ಮ ಬಂಧುವೊಬ್ಬರು ಕೇಳಿದರು. ಕೂಡದು. ಅದರ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಅಚ್ಚಾಗಿರುತ್ತದೆ. ಮನುಷ್ಯರ ಮೈಗೆ ಚುಚ್ಚುವ ಮದ್ದಿಗಿರುವ ಕಟ್ಟುನಿಟ್ಟಿನ ತಪಾಸಣೆ ಅದಕ್ಕಿಲ್ಲ. ಬ್ಯಾಕ್ಟೀರಿಯದ ಹೊರಪೊರೆಯ ವಿಷ ಚೂರು ಉಳಿದಿದ್ದರೂ ಚಳಿಜ್ವರ ಬರುತ್ತದೆ, ರಕ್ತದ ಒತ್ತಡ ಕುಸಿಯಬಹುದು. ಬಿಳಿಕಣವೇ ಇಲ್ಲದವರ ಗತಿ ಏನು?

ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲೂ ಬಾರದು. ಅದಕ್ಕೇ ಐಸಿಗೂ ಸೀಸೆಗಳಿಗೂ ನಡುವೆ ಟವೆಲು ಸುತ್ತಿದ್ದೆ. ಊರು ಮುಟ್ಟಿದಾಗ ಐಸು ಅರ್ಧ ಕರಗಿತ್ತು, ಸೀಸೆ ತಣ್ಣಗಿತ್ತು. ಸಂಜೆ ನರ್ಸಮ್ಮ ಬಂದು ಮೊದಲನೆಯದನ್ನು ಚುಚ್ಚಿದರು. ಮೂರನೆಯ ದಿನ ಇವಳು ಸೊಂಟದ ಮೂಳೆ ನೋಯುತ್ತದೆ ಎಂದಳು. ಫೋನು ಮಾಡಿದೆ. ಮಜ್ಜೆ ಕೆಲಸಕ್ಕೆ ಹತ್ತಿದಾಗ ಹಾಗಾಗುವುದುಂಟು ಎಂದರು ಡಾಕ್ಟರು.